ಚಿರತೆಗೂ ನಮಗೂ ಉಳಿದಿದ್ದ ಒಂದೇ ಪೊದೆ

ಚಾಳಿನ ಹೆಂಗಸರು ಚರಿಗೆ ಹಿಡಿದುಕೊಂಡು ಎಲ್ಲಿಗೆ ಹೋಗುತ್ತಿದ್ದರು ಎನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ಬರೆಯುವ ಗಂಡಸರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದ ಹೆಂಗಸರಿಗೆ ಬರೆಯಲು ನಾಚಿಕೆ. ನನಗೆ ಎಂಬತ್ತಾಯಿತು. ಮೊಣಕಾಲು ಹೋಯಿತು, ಹಲ್ಲು ಹೋದವು, ಅವುಗಳ ಹಿಂದೆಯೇ ನಾಚಿಕೆಯೂ ಹೋಯಿತು. ಹೋದ ತಿಂಗಳು ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ನಾನು ಏನು ಬೇಕಾದರೂ ಬರೆಯಬಹುದು.

ಐವತ್ತರ ದಶಕದ ನಡುವಿನ ಮಾತು ಇದು. ನನಗೆ ಒಂಬತ್ತು ವರ್ಷ. ಮುಂಬಯಿಯ ಗೋರೆಗಾಂವ್ ಸ್ಟೇಷನ್ನಿನಿಂದ ಪೂರ್ವಕ್ಕೆ ಅರ್ಧ ಗಂಟೆ ನಡೆದರೆ ನಮ್ಮ ಚಾಳು. ಸಾಲಾಗಿ ಹನ್ನೆರಡು ಖೋಲಿ, ಮುಂದೆ ಒಂದು ನಳ, ಹಿಂದೆ ಕಾಡು. ಹಿತ್ತಲು ಅಂತ ಬೇರೆ ಇರಲಿಲ್ಲ. ಸಾಗವಾನಿ, ಮುತ್ತಲ, ಬಿದಿರು, ಅವುಗಳ ಕಾಲಡಿಯಲ್ಲಿ ಕಾರವಿ ಗಿಡಗಳು. ಈ ಕಾರವಿ ಎನ್ನುವುದು ಕಡ್ಡಿ ಕಡ್ಡಿಯಾಗಿ ಆಳೆತ್ತರ ಬೆಳೆಯುತ್ತದೆ. ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಹೊರಗಿನವರಿಗೆ ಸೀರೆಯ ಬಣ್ಣವೂ ಕಾಣುವುದಿಲ್ಲ. ಚಾಳಿನ ಮಾಲೀಕ ಸಂಡಾಸು ಕಟ್ಟಿಸಿರಲಿಲ್ಲ. ಕೇಳಿದರೆ, ಗಟಾರ ಬಂದ ಮೇಲೆ ನೋಡೋಣ ಅನ್ನುತ್ತಿದ್ದ. ಗಂಡಸರು ಯಾವ ಹೊತ್ತಿಗಾದರೂ ಸರಿ, ಮುಂದಿನ ನಾಲೆಯ ಕಡೆ ಬೀಡಿ ಹಚ್ಚಿಕೊಂಡು ಹೋಗಿಬಿಡುತ್ತಿದ್ದರು. ಹೆಂಗಸರು ನಸುಕಿನಲ್ಲಿ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ, ಎಲ್ಲರೂ ಗುಂಪಾಗಿ ಹಿಂದಿನ ಕಾಡಿಗೆ ಹೋಗುತ್ತಿದ್ದರು.

ನನ್ನ ಕೆಲಸ ಕಂದೀಲು ಹಿಡಿದು ಬೆನ್ನು ಮಾಡಿ ನಿಲ್ಲುವುದು. ಗಂಡಸರ ಸುಳಿವು ಕಂಡರೆ ಕೆಮ್ಮಬೇಕು. ಒಮ್ಮೆ ಬೇಸರವಾಗಿ ಸುಮ್ಮನೆ ಕೆಮ್ಮಿಬಿಟ್ಟೆ. ಎಂಟು ಮಂದಿ ಹೆಂಗಸರು ಒಂದೇ ಸಲಕ್ಕೆ ಎದ್ದು ನಿಂತ ಸದ್ದು ಇದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ನಗು ತಡೆಯುವುದಿಲ್ಲ. ಪಕ್ಕದ ಖೋಲಿಯ ಬೆಳಗಾವಿ ಕಾಕು ನನ್ನ ತೊಡೆ ಹಿಂಡಿದ್ದಳು. ಆ ಕಲೆ ವಾರ ಇತ್ತು.

ನಾವು ಧಾರವಾಡದ ಕಡೆಯವರು. ಅಪ್ಪ ಕಾಡು ಕಡಿಸುವ ಕಂತ್ರಾಟದಾರನ ಹತ್ತಿರ ಗುಮಾಸ್ತ. ಬೆಳಿಗ್ಗೆ ಕೂಲಿಗಳ ಹಾಜರಿ ಹಿಡಿಯುವುದು, ಯಾವ ತಂಡ ಯಾವ ತುಂಡಿಗೆ ಹೋಗಬೇಕೆಂದು ಮಸ್ಟರಿನಲ್ಲಿ ಬರೆಯುವುದು, ಸಂಜೆ ಸಾಹೇಬರಿಗೆ ಲೆಕ್ಕ ಒಪ್ಪಿಸುವುದು ಅವನ ಕೆಲಸ. ಗುಡ್ಡದ ಮೇಲೆ ರಸ್ತೆ ಬರುತ್ತದೆ, ಗೋಡೌನ್ ಬರುತ್ತದೆ, ಕಾಲನಿ ಬರುತ್ತದೆ ಎಂದು ಅಪ್ಪ ಊಟದ ಹೊತ್ತಿಗೆ ಹೇಳುತ್ತಿದ್ದ. ಕಡಿದ ಮರದ ಚಕ್ಕೆಗಳು ನಮಗೆ ಪುಕ್ಕಟೆ. ಅವ್ವ ದಿನಾ ಹಂಡೆ ತುಂಬ ನೀರು ಕಾಯಿಸಿ, ಚಾಳಿನಲ್ಲಿ ಯಾರಿಗೂ ಇಲ್ಲದ ಸುಖ ನಮಗೈತಿ ಎಂದು ಬೀಗುತ್ತಿದ್ದಳು. ಸಾಗವಾನಿ ಸುಟ್ಟು ಸ್ನಾನ ಮಾಡಿದವರು ನಾವು. ಈಗ ಅದನ್ನು ಒತ್ತುವಾಗ ಬೆರಳು ಸ್ವಲ್ಪ ತಡೆಯುತ್ತದೆ, ಆದರೆ ಮಾಡಿದ್ದು ನಿಜ.

ಮಳೆಗಾಲ ಮುಗಿದದ್ದೇ ಕೊಡಲಿಯ ಸದ್ದು ಶುರುವಾಯಿತು. ದಿನಕ್ಕೆ ಒಂದಿಷ್ಟು ಕಾಡು ಹಿಂದೆ ಸರಿಯುತ್ತಿತ್ತು. ಮಂಗಗಳು ನಮ್ಮ ಹೆಂಚಿನ ಮೇಲೆ ಬಂದು ಕೂತವು. ಕಾಕುವಿನ ಅಕ್ಕಿ ಡಬ್ಬಿಯ ಹಿಂದೆ ಹಾವು ಸಿಕ್ಕಿತು. ಒಂದು ನವಿಲು ಅಪ್ಪನ ಮಸ್ಟರಿನ ಮೇಜಿನ ಹತ್ತಿರ ಬಂದು, ಹೆಸರು ಬರೆಸಲು ಬಂದ ಕೂಲಿಯ ಹಾಗೆ ಬಹಳ ಹೊತ್ತು ನಿಂತಿತ್ತಂತೆ. ದೀಪಾವಳಿ ಬರುವಷ್ಟರಲ್ಲಿ ಚಾಳಿನ ಹಿಂದೆ ಬರೀ ಬೊಡ್ಡೆಗಳು. ಬೊಡ್ಡೆಗಳ ಬಯಲು ದಾಟಿದರೆ, ಗುಡ್ಡದ ಬುಡದಲ್ಲಿ ಒಂದು ಒರತೆ. ಅದರ ಸುತ್ತ ಒಂದೇ ಒಂದು ಕಾರವಿ ಪೊದೆ ಉಳಿದಿತ್ತು. ನಮ್ಮ ಚಾಳಿನಷ್ಟೇ ಉದ್ದ, ಅಷ್ಟೇ ಅಗಲ.

ಹೆಂಗಸರು ಈಗ ಆ ಬಯಲನ್ನೆಲ್ಲ ದಾಟಿ ಹೋಗಬೇಕಾಯಿತು. ಹಗಲು ಕೂಲಿಗಳು ಇರುತ್ತಾರೆ, ಹೋಗುವ ಹಾಗಿಲ್ಲ. ಅವರು ಚದುರಿ ಕತ್ತಲಾಗುವುದರ ನಡುವೆ ಸಿಕ್ಕ ಹೊತ್ತಿನಲ್ಲೇ ಹೋಗಬೇಕು. ಅವ್ವನಿಗೆ ಆಗ ಏಳು ತಿಂಗಳು. ತವರಿನಲ್ಲಿ ನೋಡಿಕೊಳ್ಳುವವರು ಯಾರೂ ಉಳಿದಿರಲಿಲ್ಲ, ಹಾಗಾಗಿ ಬಾಣಂತನ ಇಲ್ಲೇ. ಹೊಟ್ಟೆ ಹೊತ್ತುಕೊಂಡು, ಬೊಡ್ಡೆಗಳಿಗೆ ಎಡವದ ಹಾಗೆ, ಒಂದು ಕೈ ನನ್ನ ಹೆಗಲ ಮೇಲಿಟ್ಟು ನಡೆಯುತ್ತಿದ್ದಳು.

ಚಾಳಿಗೆ ದಿನಾ ಮುತ್ತಲೆಲೆ ಮಾರಲು ಒಬ್ಬ ವಾರ್ಲಿ ಬುಡಕಟ್ಟಿನ ಹೆಂಗಸು ಬರುತ್ತಿದ್ದಳು. ಅವಳ ಪಾಡಾ, ಅಂದರೆ ಐದಾರು ಗುಡಿಸಲುಗಳ ಕೇರಿ, ಒರತೆಯ ಆಚೆಗೆ ಇತ್ತು. ಅವ್ವ ಅವಳನ್ನು ಬಾಯಿ ಅನ್ನುತ್ತಿದ್ದಳು, ಅವಳೂ ಅವ್ವನನ್ನು ಬಾಯಿ ಅನ್ನುತ್ತಿದ್ದಳು. ಅವಳು ಆಡುತ್ತಿದ್ದದ್ದು ಅವಳದೇ ಒಂದು ಮರಾಠಿ. ನಾನು ಇಲ್ಲಿ ನಮ್ಮ ಮಾತಿನಲ್ಲೇ ಹೇಳುತ್ತೇನೆ. ಒಂದು ಬೆಳಿಗ್ಗೆ ಎಲೆಯ ಕಟ್ಟು ಇಳಿಸಿ, ಅವ್ವನ ಹೊಟ್ಟೆ ನೋಡಿ, ಅವಳು ಕೇಳಿದಳು:

“ಬಾಯಿ, ಸಂಜೀಗೆ ನೀವೆಲ್ಲ ಒರತಿ ಕಡೆ ಬರ್ತೀರಲ್ಲ, ಎಡಗಡಿ ಕೂಡ್ತೀರೋ ಬಲಗಡಿ ಕೂಡ್ತೀರೋ?”

“ಅಯ್ಯ, ಅದೇನು ಕೇಳೂ ಮಾತಾ ನಮ್ಮವ್ವ!” ಅಂದಳು ಅವ್ವ.

“ಬಲಗಡಿ ಕೂಡಬ್ಯಾಡ್ರಿ. ಅಲ್ಲಿ ವಾಘ್ ಮಲಗ್ತದ. ಹೆಣ್ಣು. ಅದಕ್ಕೂ ಬ್ಯಾರೆ ಜಾಗ ಇಲ್ಲ.”

ವಾಘ್ ಅಂದರೆ ಅವರ ಬಾಯಲ್ಲಿ ಚಿರತೆಯೂ ಹೌದು. ಅವ್ವನ ಕೈಯಲ್ಲಿದ್ದ ಎಲೆಗಳು ನೆಲಕ್ಕೆ ಬಿದ್ದವು. ಆ ಹೆಂಗಸು ಎಲೆ ಆಯ್ದು ಕೊಡುತ್ತ ಸಮಾಧಾನ ಹೇಳಿದಳು. ಅದು ಕುಳ್ಳಗೆ ಇದ್ದದ್ದನ್ನು ಹಿಡಿಯುತ್ತದೆ. ಆಡು, ನಾಯಿ, ಕೂತ ಮನುಷ್ಯ. ಎತ್ತರ ಇದ್ದದ್ದಕ್ಕೆ ದಾರಿ ಬಿಡುತ್ತದೆ. ಕಂಡರೆ ಓಡಬಾರದು, ಎದ್ದು ನಿಲ್ಲಬೇಕು, ಎತ್ತರ ಆಗಬೇಕು.

“ಕುಂದರಲಿಕ್ಕೆ ಹೋದಾಕಿ ನಿಂತು ಬರಬೇಕೇನು?” ಎಂದು ಕಾಕು ಬಾಗಿಲಿನಿಂದಲೇ ಕೇಳಿದಳು. ಎಲ್ಲರೂ ನಕ್ಕರು. ಸಂಜೆ ಹೋಗುವಾಗ ಯಾರೂ ನಗಲಿಲ್ಲ.

ಅಂದಿನಿಂದ ಅವ್ವ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನು ಬಿಟ್ಟಳು. ಸಾರು ಬೇಡ, ಮಜ್ಜಿಗೆ ಬೇಡ. ಚಾಳಿನ ಬೇರೆ ಹೆಂಗಸರೂ ಹಾಗೆಯೇ. ಆದರೆ ಬಸುರಿಗೆ ಅದೆಲ್ಲ ಎಲ್ಲಿ ತಡೆಯುತ್ತದೆ? ಅವ್ವನ ಕಾಲು ಬಾತವು, ತುಟಿ ಒಡೆದವು. ಮೂರನೆಯ ದಿನ ಅವ್ವನಿಗೆ ಒಂದು ಉಪಾಯ ಹೊಳೆಯಿತು.

ನಮ್ಮ ಕಡೆ ಬಯಲುಸೀಮೆ. ಅಲ್ಲಿ ಅಂಜಿಕೆ ತೋಳದ್ದು. ಕುರಿ ಹಟ್ಟಿಯ ಸುತ್ತ ನಾಲ್ಕು ನಾಯಿ ಇದ್ದರೆ ತೋಳ ಹತ್ತಿರ ಬರುವುದಿಲ್ಲ. ಅವ್ವ ಹುಟ್ಟಿದಾಗಿನಿಂದ ನೋಡಿದ್ದು ಅದೇ. ಹಾಗಾಗಿ ಬೆಳಿಗ್ಗೆ ಎದ್ದವಳೇ ಏಳು ಜೋಳದ ರೊಟ್ಟಿ ಹೆಚ್ಚು ಬಡಿದಳು. ಚಾಳಿನ ಸುತ್ತ ಅಲೆಯುತ್ತಿದ್ದ ನಾಯಿಗಳನ್ನೆಲ್ಲ “ಕುರ್ರ್ಯೋ ಕುರ್ರ್ಯೋ” ಎಂದು ಕರೆದು ಹಾಕಿದಳು. ನಾಲ್ಕೇ ದಿನದಲ್ಲಿ ಸ್ಟೇಷನ್ನಿನ ತನಕ ಸುದ್ದಿ ಮುಟ್ಟಿರಬೇಕು, ಆರು ನಾಯಿ ಖಾಯಂ ಆದವು. ಸಂಜೆ ನಾವು ಹೊರಟರೆ ಮುಂದೆ ಮೂರು, ಹಿಂದೆ ಮೂರು. ನಡುವೆ ಚರಿಗೆ ಹಿಡಿದ ಹೆಂಗಸರು.

“ಬರ್ರಿ ಬರ್ರಿ, ಪಲ್ಟಣ ಬಂತು!” ಎಂದು ಕಾಕು ಕೂಗುತ್ತಿದ್ದಳು. “ಮಹಾರಾಣೀ ಸವಾರಿಗೂ ಇಷ್ಟು ಮಂದಿ ಇರಂಗಿಲ್ಲವ್ವ!”

ಅವ್ವನಿಗೆ ಹೆಮ್ಮೆ. ಎರಡು ದಿನ ಮಧ್ಯಾಹ್ನವೂ ನೀರು ಕುಡಿದಳು. ಎಲೆ ಮಾರುವವಳಿಗೆ ಇದನ್ನು ಹೇಳಿಕೊಳ್ಳಬೇಕು ಎಂದು ಕಾದಳು. ಆದರೆ ಆ ವಾರ ಅವಳು ಬರಲಿಲ್ಲ. ಹತ್ತಿರ ಎಲ್ಲೂ ಮುತ್ತಲ ಇಲ್ಲವಾಗಿ, ಎಲೆಗೆ ಎರಡು ಗುಡ್ಡ ದಾಟಿ ಹೋಗುತ್ತಿದ್ದಳಂತೆ.

ನಾಯಿಗಳಲ್ಲಿ ಒಂದು ಬಿಳಿಯದು, ಎಡಗಿವಿ ಮುರಿದದ್ದು. ಅದು ಅವ್ವನನ್ನು ಬಿಟ್ಟು ಕದಲುತ್ತಿರಲಿಲ್ಲ. ಅವಳು ಕೂತರೆ ಎರಡು ಮಾರು ದೂರದಲ್ಲಿ ತಾನೂ ಕೂರುತ್ತಿತ್ತು. ಒಂದು ಸಂಜೆ, ಇನ್ನೂ ಪಡುವಣ ಕೆಂಪಾಗಿಯೇ ಇತ್ತು, ಹೆಂಗಸರು ಪೊದೆಯ ಎಡಕ್ಕೆ ಹೋದರು. ನಾನು ಬೆನ್ನು ಮಾಡಿ ನಿಂತೆ. ಕಾಕು ಸೊಸೆಯ ಅಡಿಗೆಯನ್ನು ಬೈಯುತ್ತಿದ್ದಳು. ನಾಯಿಗಳು ಒಂದಕ್ಕೊಂದು ಗುರುಗುಡುತ್ತಿದ್ದವು. ಆಮೇಲೆ ಗುರುಗುಡುವುದು ನಿಂತಿತು. ಐದು ನಾಯಿಗಳು ಬಾಲ ಒಳಗೆ ಹಾಕಿಕೊಂಡು, ಸದ್ದೇ ಇಲ್ಲದೆ, ನನ್ನ ಕಾಲಿನ ಪಕ್ಕದಿಂದ ಚಾಳಿನ ಕಡೆಗೆ ಹೊರಟವು.

ನಾನು ಕೆಮ್ಮಬೇಕಿತ್ತು. ಸುಳ್ಳು ಕೆಮ್ಮು ಅಷ್ಟು ಸಲೀಸಾಗಿ ಬಂದಿತ್ತು, ಖರೇ ಕೆಮ್ಮು ಬರಲಿಲ್ಲ.

ತಿರುಗಿ ನೋಡಿದೆ. ಕಾರವಿ ಕಡ್ಡಿಗಳ ನಡುವೆ ಹಳದಿಯದೊಂದು ಹರಿದು ಹೋಯಿತು. ಹಕ್ ಎಂದು ಒಂದು ಸಣ್ಣ ಶಬ್ದ. ಬಿಳಿ ನಾಯಿ ಕೂತಿದ್ದ ಜಾಗದಲ್ಲಿ ನಾಯಿ ಇರಲಿಲ್ಲ. ಅಷ್ಟೇ. ಅವ್ವನ ಚರಿಗೆ ಉರುಳಿ ಒರತೆಯ ಕಲ್ಲಿಗೆ ಬಡಿದಾಗ ಹೆಂಗಸರೆಲ್ಲ ಎದ್ದರು, ಸೀರೆ ಎತ್ತಿಕೊಂಡು ಓಡಿದರು. ಅವ್ವ ಏಳಲಾರದೆ ಕೂತೇ ಇದ್ದಳು. ಕುಳ್ಳಗೆ ಇದ್ದಳು.

“ಅವ್ವಾ, ಏಳು! ಎತ್ತರ ಆಗು!”

“ಕಾಲು ಜೋಮು ಹಿಡದಾವು. ನನ್ನ ರಟ್ಟಿ ಹಿಡಿ,” ಅಂದಳು. ಧ್ವನಿಯಲ್ಲಿ ಅವಸರವೇ ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ನಾನು ರಟ್ಟೆ ಹಿಡಿದು ಜಗ್ಗಿದೆ. ಒಮ್ಮೆಗೆ ಆಗಲಿಲ್ಲ. ಎರಡನೆಯ ಸಲಕ್ಕೆ ಎದ್ದಳು. ಪೊದೆಯ ಒಳಗೆ ಎಲುಬು ಮುರಿಯುವ ಸದ್ದು ಕೇಳುತ್ತಿತ್ತು. ನಾವು ಹಿಂದೆ ಹಿಂದೆ ಹೆಜ್ಜೆ ಇಡುತ್ತ, ಪೊದೆಗೆ ಮುಖ ಮಾಡಿಕೊಂಡೇ, ಬಯಲು ದಾಟಿದೆವು.

ಮರುದಿನ ಎಲೆಯವಳು ಬಂದಳು. ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು. “ಬಾಯಿ, ನಾಯಿ ಅಂದ್ರ ಅದರ ಊಟ! ಆರು ದಿನದಿಂದ ನೀವು ರೊಟ್ಟಿ ಹಾಕಿ ಸಾಕಿ, ಹೊತ್ತಿಗೆ ಸರಿಯಾಗಿ ಅದರ ಬಾಗಿಲಿಗೆ ಡಬ್ಬಿ ಮುಟ್ಟಸೀರಿ. ಇನ್ನ ದಿನಾ ಆ ಹೊತ್ತಿಗೆ ಕಾಯ್ತದ ಅದು.”

ಮುರಿದ ಕಿವಿಯ ನಾಯಿಗೆಂದು ಬಡಿದಿಟ್ಟ ರೊಟ್ಟಿ ಬುಟ್ಟಿಯಲ್ಲೇ ಇತ್ತು.

ಚಾಳಿನ ಗಂಡಸರು ನಳದ ಕಟ್ಟೆಯ ಮೇಲೆ ಸಭೆ ಸೇರಿದರು. ಪೊದೆ ಕಡಿಸಿಬಿಟ್ಟರೆ ಚಿರತೆ ಗುಡ್ಡದ ಆಚೆಗೆ ಹೋಗುತ್ತದೆ ಎಂದು ಎಲ್ಲರದೂ ಒಂದೇ ಮಾತು. ಮಸ್ಟರು ಬರೆಯುವವನು ನಮ್ಮಲ್ಲೇ ಇದ್ದಾನೆ, ನಾಳೆಯೇ ಒಂದು ತಂಡ ಹಚ್ಚಲಿ. ಅಪ್ಪ ತಲೆಯಾಡಿಸಿ ಬಂದ. ಮನೆಯಲ್ಲಿ ಅವ್ವ ಕಾದಿದ್ದಳು.

“ಆ ಪೊದಿ ಕಡದ ಮ್ಯಾಲೆ ನಾವು ಎಲ್ಲಿ ಹೋಗೂಣು?”

ಅಪ್ಪನಿಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ.

“ಸಾಹೇಬರಿಗೆ ಹೇಳ್ರಿ. ನಾಕು ತಗಡು ಕೊಡಸ್ರಿ ಅನ್ರಿ. ಸುತ್ತ ಮರೆ ಮಾಡಿಕೊಳ್ತೇವಿ.”

“ಹೆಂಗಸರ ಚರಿಗಿ ಸುದ್ದಿ ಸಾಹೇಬರ ಮುಂದ ಹೆಂಗ ತಗೀಲಿ? ನಾ ಮಂದಿಗೆ ಮಾರಿ ತೋರಸಬೇಕೋ ಬ್ಯಾಡೋ?”

“ಹೇಳಬ್ಯಾಡ್ರಿ ಹಂಗಾರ. ಇಂಗ್ಲಿಷ್‌ನ್ಯಾಗ ಬರದು ಕೊಡ್ರಿ. ಇಂಗ್ಲಿಷ್‌ನ್ಯಾಗ ಯಾವದಕ್ಕೂ ನಾಚಿಕಿ ಇರಂಗಿಲ್ಲ.”

ಅಪ್ಪ ನಿಜಕ್ಕೂ ಕಾಗದ ತೆಗೆದ. ಟಾಕು ಮಸಿಯಲ್ಲಿ ಅದ್ದಿದ. ಮಾನ್ಯ ಸಾಹೇಬರಿಗೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಚಂದಾಗಿ ಬರೆದ. ಆಮೇಲೆ ಮಸಿ ಒಣಗಿತು. ಮತ್ತೆ ಅದ್ದಿದ, ಮತ್ತೆ ಒಣಗಿತು. ನಾನು ಚಾಪೆಯ ಮೇಲಿಂದ ಎಷ್ಟೋ ಹೊತ್ತು ನೋಡುತ್ತಿದ್ದೆ. ಕೊನೆಗೆ ಅವನು ಕಾಗದ ಮಡಚಿ ಮಸ್ಟರಿನೊಳಗೆ ಇಟ್ಟುಕೊಂಡ.

ದಾರಿ ತೋರಿಸಿದವಳು ಎಲೆಯವಳು. ಅವರ ಗುಡಿಸಲಿನ ಗೋಡೆಗಳೆಲ್ಲ ಕಾರವಿ ಕಡ್ಡಿಯವೇ. ನಿಲ್ಲಿಸಿ, ಹೆಣೆದು, ಮೇಲೆ ಸೆಗಣಿ ಮೆತ್ತುತ್ತಾರೆ. ಪೊದೆ ಹೇಗೂ ಹೋಗುತ್ತದೆ, ಹೋಗುವ ಮೊದಲು ತನಗೆ ಅರ್ಧ ದಿನ ಕೊಟ್ಟರೆ ಬೇಕಾದಷ್ಟು ಕಡ್ಡಿ ಕಡಿದು ಚಾಳಿನ ಹಿಂದೆ ಮರೆ ಕಟ್ಟಿಕೊಡುತ್ತೇನೆ ಅಂದಳು. ಅವ್ವ ಅದನ್ನು ಅಪ್ಪನಿಗೆ ಹೇಳಿದಳು. ಸಾಹೇಬರಿಗೆ ಗೊತ್ತಾಗದ ಹಾಗೆ ಅರ್ಧ ದಿನ ಕೊಡುವುದು ಅಪ್ಪನ ಕೈಯಲ್ಲಿತ್ತು. ತಂಡವನ್ನು ಪೊದೆಯ ಯಾವ ತುದಿಯಿಂದ ಹಚ್ಚಬೇಕು ಎಂದು ಬರೆಯುವವನು ಅವನೇ. ಅವನು ಗುಡ್ಡದ ಕಡೆಯ ತುದಿಯಿಂದ ಹಚ್ಚಿದ. ಚಾಳಿನ ಕಡೆಯ ತುದಿಯಲ್ಲಿ ಎಲೆಯವಳು, ಅವಳ ಅತ್ತೆ, ಇನ್ನಿಬ್ಬರು ಹೆಂಗಸರು ಕುಡುಗೋಲು ಹಿಡಿದು ಸರಸರನೆ ಕಡ್ಡಿ ಕೊಯ್ದರು. ಮಧ್ಯಾಹ್ನದ ಹೊತ್ತಿಗೆ ಚಾಳಿನ ಹಿಂದೆ ಕಡ್ಡಿಯ ರಾಶಿ. ಅಪ್ಪ ಊಟಕ್ಕೆ ಬಂದವನು ಅದನ್ನು ನೋಡಿ, ಏನೂ ಗೊತ್ತಿಲ್ಲದವನ ಹಾಗೆ ಕೈ ತೊಳೆದುಕೊಂಡು ಮೀಸೆಯಲ್ಲೇ ನಕ್ಕ. ಅವನು ತಾನಾಗಿ ಒಂದು ಕಳ್ಳತನ ಮಾಡಿದ್ದು ಅದೇ ಮೊದಲು ಅನ್ನಿಸುತ್ತದೆ.

ಗುಡ್ಡದ ಕಡೆಯಿಂದ ಕೊಡಲಿ ಹಚ್ಚಿದರೆ ಒಳಗಿದ್ದ ಚಿರತೆ ಯಾವ ಕಡೆಗೆ ಹೊರಡಬೇಕು ಎನ್ನುವುದನ್ನು ಅವನು ಯೋಚಿಸಲಿಲ್ಲ. ಅವ್ವನೂ ಯೋಚಿಸಲಿಲ್ಲ. ಎಲೆಯವಳಿಗೆ ಗೊತ್ತಾಗುತ್ತಿತ್ತು. ಆದರೆ ತಂಡ ಯಾವ ತುದಿಯಿಂದ ಬರುತ್ತಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳು ಬಗ್ಗಿ ಕೊಯ್ಯುತ್ತಿದ್ದಳು.

ಹೊತ್ತು ಇಳಿಯುವಷ್ಟರಲ್ಲಿ ಪೊದೆ ನೆಲಸಮ. ಚಿರತೆಯನ್ನು ಯಾರೂ ಕಾಣಲಿಲ್ಲ. ಆಗಲೇ ಹೋಗಿರಬೇಕು ಎಂದು ಕೂಲಿಗಳು ಹೇಳಿದರು. ಚಾಳಿನ ಹಿಂದೆ ನಮ್ಮ ಮರೆ ಎದ್ದು ನಿಂತಿತು. ನಾಲ್ಕು ಗೂಟ, ಸುತ್ತ ಕಾರವಿ ಕಡ್ಡಿಯ ಗೋಡೆ, ಅವ್ವನ ಎದೆಮಟ್ಟ. ಒಳಗೆ ಒಂದು ಗುಂಡಿ, ಎರಡು ಹಾಸುಗಲ್ಲು. ಸೂರು ಇಲ್ಲ. ಸೆಗಣಿ ಮೆತ್ತುವುದು ನಾಳೆಗೆ. ಹೆಂಗಸರೆಲ್ಲ ಅದನ್ನು ಸುತ್ತು ಹಾಕಿ ಹೊಸ ಮನೆ ನೋಡಿದ ಹಾಗೆ ನೋಡಿದರು.

“ಗೃಹಪ್ರವೇಶ ಬಸುರಿದೇ ಆಗಲಿ,” ಎಂದು ಕಾಕು ಅವ್ವನ ಹಣೆಗೆ ಕುಂಕುಮ ಇಡಲು ಬಂದಳು.

“ಸುಮ್ಮನಿರ್ರಿ ಕಾಕು, ನಗಸಬ್ಯಾಡ್ರಿ, ಮೊದಲ ತಡಿಯಾಂಗಿಲ್ಲ,” ಅಂದಳು ಅವ್ವ. ಮಧ್ಯಾಹ್ನ ಎರಡು ತಂಬಿಗೆ ನೀರು ಕುಡಿದಿದ್ದಳು ಅವಳು, ಎಷ್ಟೋ ದಿನದ ಮೇಲೆ.

ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟಿದ್ದರು. ಅವ್ವನ ಜೊತೆ ನಾನು ಕಂದೀಲು ಹಿಡಿದು ಒಳಗೆ ಹೋದೆ. ಬೇರೆ ಹೆಂಗಸರು ಅವರವರ ಖೋಲಿಯಲ್ಲಿ ದೀಪ ಹಚ್ಚಲು ಹೋದರು. ಒಳಗೆ ಹಸಿ ಕಡ್ಡಿಯ ವಾಸನೆ. ಅವ್ವ ಕೂತಳು. ನಾನು ಗೋಡೆಗೆ ಮುಖ ಮಾಡಿ ನಿಂತೆ. ಕಡ್ಡಿಗಳ ಸಂದಿಯಿಂದ ಹೊರಗಿನ ಬೊಡ್ಡೆಗಳು ಗೀಟು ಗೀಟಾಗಿ ಕಾಣುತ್ತಿದ್ದವು.

ಒಂದು ಗೀಟು ಹಳದಿಯಾಯಿತು.

ಮೊದಲು ಕಂದೀಲಿನ ಬೆಳಕೇ ಇರಬೇಕು ಅಂದುಕೊಂಡೆ. ಆಮೇಲೆ ಆ ಹಳದಿ ಪಕ್ಕದ ಸಂದಿಗೆ ಸರಿಯಿತು, ಮತ್ತೆ ಅದರ ಪಕ್ಕದ್ದಕ್ಕೆ. ಮೂಸುವ ಸದ್ದು ಬಂತು, ಪುಸ್ ಪುಸ್ ಎಂದು, ಬಿಸಿಯಾಗಿ, ನನ್ನ ಮೊಣಕಾಲಿನ ಎತ್ತರದಲ್ಲಿ. ಒಂದು ಕಡ್ಡಿ ಕಿರ್ ಎಂದಿತು. ಅದು ಗೋಡೆಗೆ ಮೈ ಒರೆಸಿಕೊಂಡು ಸುತ್ತು ಬರುತ್ತಿತ್ತು.

“ಅವ್ವಾ.”

“ಗೊತ್ತೈತಿ. ಕಂದೀಲ ಮ್ಯಾಲೆ ಎತ್ತು.”

ನಾನು ಕಂದೀಲನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿದೆ. ಅವ್ವ ಈ ಸಲ ಯಾರ ರಟ್ಟೆಯೂ ಇಲ್ಲದೆ ಗೂಟ ಹಿಡಿದು ಎದ್ದಳು. ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಅಗಲ ಮಾಡಿದಳು. ಗೋಡೆ ಅವಳ ಎದೆಮಟ್ಟವಷ್ಟೇ. ಹೊರಗಿನಿಂದ ನೋಡಿದರೆ ದೊಡ್ಡದೊಂದು ಹಕ್ಕಿ ಬುಟ್ಟಿಯೊಳಗೆ ನಿಂತ ಹಾಗೆ ಕಂಡಿರಬೇಕು. ಹೊರಗೆ ಮೂಸುವುದು ನಿಂತಿತು. ಗೋಣಿತಟ್ಟಿನ ಕೆಳಗೆ, ನೆಲಕ್ಕೂ ತಟ್ಟಿಗೂ ನಡುವಿನ ಸಂದಿಯಲ್ಲಿ, ಒಂದು ಮುಂಗಾಲು ಕಂಡಿತು. ಅಂಗೈಯಷ್ಟು ಅಗಲ. ತಟ್ಟು ಸ್ವಲ್ಪ ಒಳಗೆ ಉಬ್ಬಿತು.

ಪೊದೆ ಕಡಿಯುವಾಗ ಇತ್ತ ನುಸುಳಿ ಅದು ಎಲ್ಲಿ ಅಡಗಿತ್ತೋ ಗೊತ್ತಿಲ್ಲ. ಅದು ನಮ್ಮನ್ನು ತಿನ್ನಲು ಬಂದಿರಲಿಲ್ಲ ಎಂದು ಈಗ ಗೊತ್ತು. ಇಡೀ ಬಯಲಿನಲ್ಲಿ ಕಾರವಿ ನಿಂತದ್ದು ಆ ಒಂದೇ ಜಾಗದಲ್ಲಿ. ಅದರ ಪೊದೆಯ ವಾಸನೆ ಇದ್ದದ್ದು ಅಲ್ಲೇ. ಅದು ಒಳಗೆ ಬರಲು ದಾರಿ ಹುಡುಕುತ್ತಿತ್ತು. ಆದರೆ ಆಗ ನನಗೆ ಕಂಡದ್ದು ಉಗುರು, ಮತ್ತು ಅದರಿಂದ ಎರಡು ಗೇಣು ದೂರದಲ್ಲಿ ಅವ್ವನ ಬಾತ ಪಾದ.

ಅವ್ವ ಮಾತಾಡತೊಡಗಿದಳು. ಕೂಗಲಿಲ್ಲ. ನಳದ ಹತ್ತಿರ ಸರದಿ ತಪ್ಪಿಸಿ ಬಂದವಳಿಗೆ ಹೇಳುವ ಧ್ವನಿ ಅದು.

“ಹೋಗವ್ವ ತಾಯಿ. ಇದು ನಿಂದಲ್ಲ. ನಿನ್ನ ಕಡ್ಡಿ ಖರೆ, ಆದ್ರ ಈಗ ನಾ ಕುಂತೇನಿ. ನಿನ್ನ ಜಾಗಾ ಕಡಿಸಿದಾಂವ ನಮ್ಮನ್ಯಾಗ ಚಾ ಕುಡಕೋತ ಕುಂತಾನ. ಮುಂದಿನ ಬಾಗಲಕ್ಕ ಹೋಗಿ ಕೇಳು. ನಾ ಬಸುರಿ ಅದೀನಿ. ನೀನೂ ಹಡದಾಕಿ ಇರಬೇಕು. ಹೋಗು. ಹೋಗವ್ವ.”

ತಟ್ಟು ಹಿಂದಕ್ಕೆ ಬಂತು. ಕಾಲು ಹೋಯಿತು. ನಾನು ಸಂದಿಗೆ ಕಣ್ಣು ಹಚ್ಚಿ ನೋಡಿದೆ. ಅದು ಬೊಡ್ಡೆಗಳ ನಡುವೆ, ಮರೆಯೇ ಇಲ್ಲದ ಬಯಲಿನಲ್ಲಿ, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಗುಡ್ಡದ ಕಡೆಗೆ ನಡೆಯಿತು. ಪ್ರತಿ ಬೊಡ್ಡೆಯ ಹಿಂದೆಯೂ ಒಂದು ಕ್ಷಣ ಬಗ್ಗುತ್ತಿತ್ತು. ಮೊಳದೆತ್ತರದ ಬೊಡ್ಡೆಯ ಹಿಂದೆ ಅಷ್ಟು ದೊಡ್ಡ ಪ್ರಾಣಿ. ಅದರ ಹಿಂದೆ ಸಣ್ಣದೊಂದು ಓಡಿದ ಹಾಗೆ ನನಗೆ ಕಂಡಿತು. ಅವ್ವ ಕೊನೆಯವರೆಗೂ ಇಲ್ಲ ಅನ್ನುತ್ತಿದ್ದಳು. ಅವಳು ನೋಡಿರಲಿಲ್ಲ, ಕಣ್ಣು ಮುಚ್ಚಿ ನಿಂತಿದ್ದಳು.

ಅಪ್ಪ ಮನೆಯಲ್ಲಿ ನಿಜಕ್ಕೂ ಚಹಾ ಕುಡಿಯುತ್ತ ಕೂತಿದ್ದ. ಅವ್ವ ಒಳಗೆ ಬಂದು, ಗೋಡೆ ಹಿಡಿದು ಕೂತು, ಎಲ್ಲ ಹೇಳಿದಳು. ಮುಂದಿನ ಬಾಗಿಲಿನ ಮಾತನ್ನೂ ಬಿಡಲಿಲ್ಲ. ಅಪ್ಪ ಚಹಾದ ಬಸಿ ಕೆಳಗಿಟ್ಟ. ಕಂದೀಲು ತೆಗೆದುಕೊಂಡು ಹಿಂದಕ್ಕೆ ಹೋದ. ಮರೆಯ ಸುತ್ತ ಮಣ್ಣಿನಲ್ಲಿ ಹೆಜ್ಜೆಗಳು, ಮೂರು ಸುತ್ತು. ಅವನು ಒಂದರ ಮೇಲೆ ತನ್ನ ಅಂಗೈ ಇಟ್ಟು ನೋಡಿದ. ಯಾವ ತುದಿಯಿಂದ ತಂಡ ಹಚ್ಚಿದ್ದೆ ಎಂದು ಆಗ ಅವನಿಗೆ ನೆನಪಾಯಿತು ಅನ್ನಿಸುತ್ತದೆ. “ನಾನೇ ಇತ್ತ ಓಡಿಸಿದೆ,” ಅಂದ.

ಮರುದಿನ ಅವನು ಎಂದಿನಂತೆ ಮಸ್ಟರು ಹಿಡಿದು ಹೋದ. ನೌಕರಿ ಬಿಟ್ಟ ಎಂದು ಬರೆದರೆ ಕಥೆ ಚಂದ ಕಾಣುತ್ತದೆ, ಆದರೆ ಬಿಡಲಿಲ್ಲ. ಸಂಜೆ ಮಾತ್ರ ಒಂದು ಗಂಟೆ ಮೊದಲೇ ಬಂದ. ಕರಿ ಟೊಪ್ಪಿಗೆ ಹಾಕಿಕೊಂಡ, ಗೂಟದಿಂದ ಛತ್ರಿ ತೆಗೆದ. ಅವ್ವ ಚರಿಗೆ ಹಿಡಿದು ಹೊರಟಾಗ ಅವಳ ಮುಂದೆ ನಡೆದು, ಮರೆಗೆ ಬೆನ್ನು ಮಾಡಿ, ಗುಡ್ಡಕ್ಕೆ ಮುಖ ಮಾಡಿ, ಛತ್ರಿ ಬಿಚ್ಚಿ ತಲೆಯ ಮೇಲೆ ಎತ್ತಿ ಹಿಡಿದು ನಿಂತ. ಆಕಾಶದಲ್ಲಿ ಒಂದು ಮೋಡವೂ ಇಲ್ಲ. ನನ್ನ ಅಪ್ಪ ಗಿಡ್ಡ ಮನುಷ್ಯ. ಎತ್ತರ ಆಗಲು ಅವನಿಗೆ ತೋಚಿದ್ದು ಅದು.

ಚಾಳಿನ ಗಂಡಸರು ಮಜಾ ತೆಗೆದುಕೊಂಡರು. “ಏನ್ ರಾವಸಾಹೇಬ್ರ, ಮಳಿ ಎಲ್ಲಿ ಐತಿ?” ಎಂದು ಕೂಗುತ್ತಿದ್ದರು. ಸಾಹೇಬರ ಮುಂದೆ ಒಂದು ಸಾಲು ಬರೆಯಲಾರದೆ ನಾಚಿಕೊಂಡಿದ್ದ ಮನುಷ್ಯ ಇಡೀ ಚಾಳಿನ ಎದುರು, “ಬಂದರೂ ಬರಬಹುದು,” ಎನ್ನುತ್ತ ನಿಂತಿರುತ್ತಿದ್ದ. ಅವ್ವ ಮುಗಿಸಿದ ಮೇಲೆ ಕಾಕು ಕೂಗುತ್ತಿದ್ದಳು: “ರಾವಸಾಹೇಬ್ರ, ನಿಂತಾವ್ರು ನಿಂತೇ ಇರ್ರಿ, ನಂದೂ ಒಂದು ಆಗಲಿ!” ಅವನು ನಿಂತೇ ಇರುತ್ತಿದ್ದ. ಸಂಕ್ರಾಂತಿಯವರೆಗೆ, ಒಂದು ಸಂಜೆ ತಪ್ಪದೆ, ಹೆಂಗಸರ ಸಾಲು ಮುಗಿಯುವ ತನಕ. ಅವ್ವ ಬೇಕಾದಷ್ಟು ನೀರು ಕುಡಿದಳು. ಕಾಲಿನ ಬಾವು ಇಳಿಯಿತು. ಸಂಕ್ರಾಂತಿ ಕಳೆದ ಎರಡನೆಯ ದಿನ ನನ್ನ ತಂಗಿ ಹುಟ್ಟಿದಳು, ದೊಡ್ಡ ಧ್ವನಿಯವಳು. ಆ ಚಿರತೆ ಮತ್ತೆ ಬರಲಿಲ್ಲ. ದೂರದ ಗುಡ್ಡದಲ್ಲಿ ಯಾರೋ ಒಂದನ್ನು ಹೊಡೆದರು ಎಂದು ಬೇಸಿಗೆಯಲ್ಲಿ ಸುದ್ದಿ ಬಂತು. ಅದು ಅದೇ ಚಿರತೆಯೋ, ಬೇರೆಯದೋ. ಅಪ್ಪ ಆ ಸುದ್ದಿ ಕೇಳಿ ಎದ್ದು ಹೊರಗೆ ಹೋದ.

ಮುಂದಿನ ಮಳೆಗೆ ಮೊದಲು ಮಾಲೀಕ ಕೊನೆಗೂ ಮೂರು ಪಕ್ಕಾ ಸಂಡಾಸು ಕಟ್ಟಿಸಿದ. ಕಾರವಿಯ ಮರೆ ಖಾಲಿ ನಿಂತಿತ್ತು. ಒಂದು ದಿನ ಎಲೆಯವಳು ಬಂದಳು, ತಲೆಯ ಮೇಲೆ ಎಲೆ ಇರಲಿಲ್ಲ. ಒರತೆ ಬತ್ತಿತ್ತು, ಅವರ ಪಾಡಾ ಇದ್ದ ಜಾಗದಲ್ಲಿ ರಸ್ತೆಗೆ ಕಲ್ಲು ನೆಟ್ಟಿದ್ದರು. ಗುಡ್ಡದ ಆಚೆ ಬದಿಗೆ ಹೋಗುತ್ತಿದ್ದೇವೆ ಅಂದಳು.

“ಬಾಯಿ, ಆ ಕಡ್ಡಿ ನಿಮಗಿನ್ನ ಬ್ಯಾಡಲ್ಲ?” ಎಂದು ಕೇಳಿದಳು. “ಆ ಕಡೆ ಎಲ್ಲೂ ಕಾರವಿ ಇಲ್ಲ. ಗೋಡಿ ಎಬ್ಬಸಬೇಕು.”

“ಅದು ಎಂಥ ಗ್ವಾಡಿ ಅಂತ ಗೊತ್ತೈತೋ ಇಲ್ಲೋ ನಿನಗ?” ಅಂದಳು ಅವ್ವ, ಮಗುವನ್ನು ಹೆಗಲಿಗೆ ಹಾಕಿಕೊಂಡು.

“ಬಿಸಲಿಗೆ ಒಣಗಿದ ಮ್ಯಾಲೆ ಎಲ್ಲಾ ಒಂದೇ,” ಎಂದು ಅವಳು ನಕ್ಕಳು. ಅವ್ವನೂ ನಕ್ಕಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅಂದು ರವಿವಾರ, ಅಪ್ಪ ಮನೆಯಲ್ಲಿದ್ದ. ಅವನೇ ಗೂಟ ಕಿತ್ತ. ಕಡ್ಡಿಗಳನ್ನು ಬಿಚ್ಚಿ, ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ ಮಾಡಿ, ಎರಡು ಹೊರೆ ಕಟ್ಟಿದ. ಮಸಿ ಹತ್ತಿದ ಬೆರಳಿನಿಂದ ಗಂಟು ಬಿಗಿದು, ಒಂದು ಹೊರೆಯನ್ನು ಅವಳ ತಲೆಯ ಮೇಲೆ ಎತ್ತಿಟ್ಟ. ಇನ್ನೊಂದನ್ನು ತನ್ನ ಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಟ್ಟು, ತಾನೇ ಹೊತ್ತುಕೊಂಡ. ಬೊಡ್ಡೆಗಳ ನಡುವೆ ಅವಳು ಮುಂದೆ, ಅವನು ಹಿಂದೆ ನಡೆದರು. ಆ ಬಯಲಿ​ನಲ್ಲಿ ಎದ್ದು ಕಾಣುತ್ತಿದ್ದದ್ದು ಆ ಎರಡು ಹೊರೆಗಳೇ. ಗುಡ್ಡದ ತಿರುವಿನ ತನಕ ಕಂಡವು.